ಜೋಗಿಮಟ್ಟಿ ಏರಿನಲ್ಲಿ ತುಂಡಾದ ಸೀಟ್ ಬೋಲ್ಟ್

ಭಾನುವಾರ ಬೆಳಿಗ್ಗೆ ಚಿತ್ರದುರ್ಗದಿಂದ ಜೋಗಿಮಟ್ಟಿ ಏರು ಹತ್ತುತ್ತಿದ್ದೆ. ಟಕ್ ಅಂತ ಸದ್ದು. ಸೈಕಲ್ ಸೀಟಿನ ಮೂತಿ ಆಕಾಶ ನೋಡುತ್ತಿತ್ತು. ಸೀಟನ್ನು ಪೋಸ್ಟಿಗೆ, ಅಂದ್ರೆ ಅದರ ಕೆಳಗಿನ ಕೊಳವೆಗೆ, ಹಿಡಿದಿಡುವ ಬೋಲ್ಟ್ ತಲೆಯ ಬುಡದಲ್ಲೇ ತುಂಡಾಗಿತ್ತು. ಮುರಿದ ಜಾಗದಲ್ಲಿ ಅರ್ಧ ತುಕ್ಕು, ಇನ್ನರ್ಧ ಹೊಳಪು. ಅಂದ್ರೆ ಬಿರುಕು ಮೊದಲೇ ಬಿಟ್ಟಿತ್ತು, ನಾನು ನೋಡಿರಲಿಲ್ಲ.

ಸೀಟನ್ನು ಬ್ಯಾಗಿಗೆ ತುರುಕಿ, ಪೋಸ್ಟನ್ನು ಪೂರ್ತಿ ಕೆಳಗಿಳಿಸಿ, ನಿಂತುಕೊಂಡೇ ಇಳಿದೆ. ಅಪ್ಪಿತಪ್ಪಿ ಕೂತಿದ್ರೆ ಕಥೆ ಮುಗೀತಿತ್ತು, ಅಲ್ವಾ!

ಊರಲ್ಲಿ ಬೈಕ್ ಗ್ಯಾರೇಜಿನ ಅಣ್ಣ ಡಬ್ಬಿ ಸುರುವಿ 8 ಎಂಎಂ ಬೋಲ್ಟ್ ಹುಡುಕಿದರು. “ತಲೆ ಮೇಲೆ 8.8 ಅಂತಿದೆ ನೋಡು, ಗಟ್ಟಿ ಮಾಲು. ಮಾಮೂಲಿ ಹಾಕಿದ್ರೆ ಮತ್ತೆ ಬರ್ತೀಯ” ಎಂದರು. ಉದ್ದ ಸ್ವಲ್ಪ ಜಾಸ್ತಿಯಾಯಿತು, ಎರಡು ವಾಷರ್ ಹಾಕಿದೆವು. ಥ್ರೆಡ್ಡಿಗೆ ಗ್ರೀಸ್ ಸವರಿ ಬಿಗಿ ಮಾಡಿದೆ. ಮನೆಗೆ ಬಂದು ಮತ್ತೆ ತಿರುವಿದರೆ ಇನ್ನೂ ಕಾಲು ಸುತ್ತು ಹೋಯಿತು.