ಅಡಿಕೆ ದುಡ್ಡಿನ ಲೆಕ್ಕ: ಎಂ.ಕಾಂ. ಮುಗಿಸಿ ಊರಲ್ಲೇ ಫೈನಾನ್ಸ್ ಕೆಲಸ ಮಾಡಿದ ನನ್ನ ಅನುಭವ

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ಚೇಣಿದಾರರೊಬ್ಬರಿಗೆ (ತೋಟದ ಅಡಿಕೆ ಫಸಲನ್ನು ಗುತ್ತಿಗೆ ಹಿಡಿದು, ಸುಲಿಸಿ ಬೇಯಿಸಿ ಮಾರುವವರು) ಬ್ಯಾಂಕಿನಿಂದ 32 ಲಕ್ಷದ ಸೀಸನ್ ಲಿಮಿಟ್, ಅಂದರೆ ಕೊಯ್ಲಿನ ಕಾಲಕ್ಕೆ ಬೇಕಾದಷ್ಟು ತೆಗೆದು ವಾಪಸ್ ಕಟ್ಟುವ ಸಾಲ, ಸ್ಯಾಂಕ್ಷನ್ ಆಯಿತು. ಸಾಲಕ್ಕೆ ಬೇಕಾದ ರಿಪೋರ್ಟ್ ಮಾಡಿದ್ದು ನಾನು. ಬ್ಯಾಂಕ್ ಮ್ಯಾನೇಜರ್ ಒಂದೇ ಪ್ರಶ್ನೆ ಕೇಳಿ ಫೈಲ್ ಮುಂದಕ್ಕೆ ಕಳಿಸಿದರು. "ಫೈನಾನ್ಸ್ ಓದಿ ಊರಲ್ಲಿ ಎಂತ ಮಾಡ್ತೀಯ ಮಾರಾಯ" ಅಂತ ನಾಲ್ಕು ವರ್ಷದಿಂದ ಕೇಳಿಸಿಕೊಂಡಿದ್ದೇನೆ. ಈಗ ಬರೆಯಬಹುದು ಅನಿಸಿತು.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿದೆ. ಜೊತೆಗಿದ್ದವರು ಬ್ಯಾಂಕ್ ಪರೀಕ್ಷೆ, ಆಡಿಟರ್ ಆಫೀಸು, ನೆಟ್ ಬರೆದು ಲೆಕ್ಚರರ್ ಕೆಲಸ ಅಂತ ಒಂದೊಂದು ದಾರಿ ಹಿಡಿದರು. ನಾನು ಬೆಂಗಳೂರಿನ ಒಂದು ಕೆಪಿಒದಲ್ಲಿ (ಹೊರಗಿನ ಕಂಪನಿಗಳ ಲೆಕ್ಕಪತ್ರದಂಥ ಕೆಲಸ ಮಾಡಿಕೊಡುವ ಆಫೀಸು) ಹನ್ನೊಂದು ತಿಂಗಳಿದ್ದೆ. ರಾತ್ರಿಯಿಡೀ ಹೊರದೇಶದ ಕಂಪನಿಗಳ ಬ್ಯಾಲೆನ್ಸ್ ಶೀಟನ್ನು ಎಕ್ಸೆಲ್‌ಗೆ ಇಳಿಸುವ ಕೆಲಸ. ಆಗಲೇ ಸಿಎಫ್ಎ ಅನ್ನುವ ಅಂತರರಾಷ್ಟ್ರೀಯ ಫೈನಾನ್ಸ್ ಪರೀಕ್ಷೆಯ ಲೆವೆಲ್ 1 ಕಟ್ಟಿದೆ. ಫೀಸು, ಪುಸ್ತಕ, ಕೋಚಿಂಗ್ ಸೇರಿ ಒಂದೂಕಾಲು ಲಕ್ಷದ ಹತ್ತಿರ ಹೋಯಿತು. ಫೇಲಾದೆ. ಅದರಲ್ಲಿ ಅರ್ಧ ಅಪ್ಪಯ್ಯ ಅಡಿಕೆ ಮಾರಿ ಕೊಟ್ಟಿದ್ದ ದುಡ್ಡು.

ಊರಿಗೆ ಬಂದು ಮ್ಯೂಚುವಲ್ ಫಂಡ್ ಮಾರುವವರು ಬರೆಯುವ ಎನ್ಐಎಸ್ಎಂ ಫೈವ್-ಎ ಪರೀಕ್ಷೆ ಪಾಸ್ ಮಾಡಿ, ಆ ಕೆಲಸಕ್ಕೆ ಬೇಕಾದ ನೋಂದಣಿ ಸಂಖ್ಯೆ ಎಆರ್‌ಎನ್ ತಗೊಂಡೆ. ಮೊದಲ ವರ್ಷ ಸುಮಾರು 40 ಎಸ್ಐಪಿ (ತಿಂಗಳು ತಿಂಗಳು ಬ್ಯಾಂಕ್ ಖಾತೆಯಿಂದ ಫಂಡಿಗೆ ಹೋಗುವ ಕಂತು) ಮಾಡಿಸಿದೆ. ಎಲ್ಲ 1,000 ರೂಪಾಯಿಯವು. ಫಂಡಿನಲ್ಲಿ ಉಳಿದ ದುಡ್ಡಿನ ಮೇಲೆ ಸಿಗುವ ಟ್ರೇಲ್ ಕಮಿಷನ್ ವರ್ಷಕ್ಕೆ ಎರಡು ಸಾವಿರ ಚಿಲ್ಲರೆ ಬಂತು, ಬೈಕಿನ ಪೆಟ್ರೋಲಿಗೂ ಸಾಲಲಿಲ್ಲ. ಜುಲೈ, ಆಗಸ್ಟ್ ಬರುವಷ್ಟರಲ್ಲಿ ಅರ್ಧಕ್ಕರ್ಧ ಬೌನ್ಸ್. ಜನರಿಗೆ ಬ್ಯಾಂಕ್ ಚಾರ್ಜ್ ಬೇರೆ ಬಿತ್ತು. ಪಕ್ಕದ ಮನೆ ಅಣ್ಣ ಬಂದು, "ಮಳೆಗಾಲದಲ್ಲಿ ನಮ್ಮ ಹತ್ರ ದುಡ್ಡು ಎಲ್ಲಿರ್ತದೆ? ಕೊಳೆರೋಗಕ್ಕೆ ಬೋರ್ಡೋ ಹೊಡೆಸೋಕೇ ಸಾಲ ಮಾಡಿದೀನಿ" ಅಂದರು.

ನಾವು ಓದಿದ್ದೆಲ್ಲ ತಿಂಗಳ ಸಂಬಳದ ಲೆಕ್ಕ. ಅಡಿಕೆ ಮನೆಗೆ ದುಡ್ಡು ವರ್ಷಕ್ಕೆ ಎರಡೋ ಮೂರೋ ಸಲ, ದೊಡ್ಡದಾಗಿ ಬರುತ್ತದೆ. ಆ ಮನೆಗಳಿಗೆ ಎಸ್ಐಪಿ ನಿಲ್ಲಿಸಿದೆ. ಅಡಿಕೆ ಮಾರಿದಾಗ ಒಂದಿಷ್ಟು ಲಿಕ್ವಿಡ್ ಫಂಡಿಗೆ (ಬೇಕಾದಾಗ ಬೇಗ ತೆಗೆಯಬಹುದಾದ, ಏರಿಳಿತ ಕಡಿಮೆ ಇರುವ ಫಂಡು) ಹಾಕಿಸಿ, ಅಲ್ಲಿಂದ ತಿಂಗಳು ತಿಂಗಳು ಬೇರೆ ಫಂಡಿಗೆ ಸ್ವಲ್ಪ ಸ್ವಲ್ಪ ಹೋಗುವ ಎಸ್‌ಟಿಪಿ ಹೊರಡಿಸಿದೆ. ಬೌನ್ಸ್ ನಿಂತೇ ಹೋಯಿತು. ಮಗಳ ಫೀಸಿಗೆ ಬೇಕಾದಾಗ ಲಿಕ್ವಿಡ್‌ನಲ್ಲಿದ್ದಿದ್ದನ್ನು ತೆಗೆಯಬಹುದು ಅನ್ನುವುದೂ ಜನರಿಗೆ ಹಿಡಿಸಿತು.

ಹೊಟ್ಟೆ ತುಂಬಿಸಿದ್ದು ಮಾತ್ರ ಬ್ಯಾಂಕ್ ಸಾಲಕ್ಕೆ ಬೇಕಾದ ಪ್ರಾಜೆಕ್ಟ್ ರಿಪೋರ್ಟ್, ಸಿಎಂಎ ಡೇಟಾ (ವ್ಯಾಪಾರದ ಹಿಂದಿನ, ಮುಂದಿನ ವರ್ಷಗಳ ಲೆಕ್ಕದ ಪಟ್ಟಿ) ಕೆಲಸ. ಶುರುವಿನಲ್ಲಿ ರಿಪೋರ್ಟಿಗೆ 1,500 ತಗೊಳ್ಳುತ್ತಿದ್ದೆ. ಮೊದಲ ಆರೇಳು ವಾಪಸ್ ಬಂದವು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಪಾಸಾದ ಒಂದು ರಿಪೋರ್ಟ್. ಇದೇ ಚೇಣಿದಾರರದ್ದು. ವಹಿವಾಟು 1.2 ಕೋಟಿ ಅಂತ ಹಾಕಿ, ವರ್ಷದ ವಹಿವಾಟಿನ ಇಷ್ಟು ಪಾಲು ಅಂತ ಸಾಲ ಲೆಕ್ಕ ಹಾಕುವ ಟರ್ನೋವರ್ ಮೆಥಡ್‌ನಲ್ಲಿ ಶೇ. 20 ಅಂದರೆ 24 ಲಕ್ಷ ಲಿಮಿಟ್ ಕೇಳಿದೆ. ಸಿಕ್ಕಿತು. ಖುಷಿಯಾಗಿ ಸಿಹಿ ಹಂಚಿದೆವು. ನವೆಂಬರಿನಲ್ಲಿ ಹಸಿ ಅಡಿಕೆ ಒಮ್ಮೆಲೇ ಬಂತು. ತೋಟದವರಿಗೆ ಅಡ್ವಾನ್ಸ್, ಸುಲಿಯುವವರ ಕೂಲಿ, ಬೇಯಿಸುವ ಕಟ್ಟಿಗೆ ಎಲ್ಲ ಒಟ್ಟಿಗೆ. ದುಡ್ಡು ಖಾಲಿ. ಅವರು ಹೊರಗೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಹತ್ತು ಲಕ್ಷ ತಂದರು. ಮೂರು ತಿಂಗಳಿಗೆ 60 ಸಾವಿರ ಬಡ್ಡಿ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ನನಗೇ ಅವರ ಮುಖ ನೋಡುವುದು ಕಷ್ಟವಾಯಿತು.

ಕೂತು ನೋಡಿದೆ. ಡಿಎಸ್‌ಸಿಆರ್, ಅಂದರೆ ಸಾಲದ ಕಂತು-ಬಡ್ಡಿಯ ಎಷ್ಟು ಪಟ್ಟು ಆದಾಯವಿದೆ ಅನ್ನುವ ಅಳತೆ, ಚೆನ್ನಾಗಿತ್ತು, 1.8ರ ಹತ್ತಿರ. ಆದರೆ ಅದು ವರ್ಷದ ಲೆಕ್ಕ. ಮಾರ್ಚಿನಲ್ಲಿ ಬರುವ ದುಡ್ಡು ನವೆಂಬರಿನ ಕೂಲಿಗೆ ಆಗುವುದಿಲ್ಲ ಅಲ್ವಾ? ಸಕ್ಕರೆ, ಟೀ ತರಹದ ಸೀಸನ್ ಉದ್ಯಮಕ್ಕೆ ಬ್ಯಾಂಕುಗಳು ಕ್ಯಾಶ್ ಬಜೆಟ್ ಮೆಥಡ್ (ತಿಂಗಳು ತಿಂಗಳು ಬರುವ, ಹೋಗುವ ದುಡ್ಡು ನೋಡಿ ಸಾಲ ಲೆಕ್ಕ ಹಾಕುವುದು) ಬಳಸುವುದನ್ನು ನಾವೆಲ್ಲ ಓದಿದ್ದೇವೆ, ಎರಡು ಮಾರ್ಕಿನ ಪ್ರಶ್ನೆಗೆ. ಅದನ್ನೇ ಅಡಿಕೆಗೆ ಹಾಕಿದೆ. ಹನ್ನೆರಡು ತಿಂಗಳ ಕಾಲಮ್. ಕ್ವಿಂಟಾಲ್ ಹಸಿಗೆ 12-13 ಕೆಜಿ ಒಣ ಅಡಿಕೆ ಅಂತ ಹಿಡಿದು, ಯಾವ ತಿಂಗಳು ಎಷ್ಟು ಬೇಕು, ಯಾವಾಗ ಎಷ್ಟು ವಾಪಸ್ ಅಂತ ತೋರಿಸಿದೆ. ಬೇಕಾಗುವ ದುಡ್ಡು ನವೆಂಬರಿನಲ್ಲಿ 34 ಲಕ್ಷದ ಹತ್ತಿರ ಏರುತ್ತದೆ, ಮೇ ಹೊತ್ತಿಗೆ ಸೊನ್ನೆಗೆ ಬರುತ್ತದೆ. ಒಬ್ಬ ಆಡಿಟರ್ "ಇದನ್ನ ಯಾವ ಬ್ಯಾಂಕೂ ನೋಡಲ್ಲ, ಸುಮ್ನೆ ಶೇ. 20 ಹಾಕು" ಅಂದಿದ್ದರು. ಮ್ಯಾನೇಜರ್ ಕೇಳಿದ ಒಂದೇ ಪ್ರಶ್ನೆ, ದರ ಬಿದ್ದರೆ ಏನು ಅನ್ನುವುದು. ಅದಕ್ಕೂ ಶೀಟ್ ಇತ್ತು.

ಆ ಶೀಟಿನ ಹಿಂದೆ ಇನ್ನೊಂದು ಪ್ರಯೋಗವಿದೆ. ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್‌ಕೋಸ್‌ನ ರಾಶಿ ಅಡಿಕೆ (ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ಬಗೆ) ದರ ಆರು ವರ್ಷದ್ದು ಕಲೆಹಾಕಿ, ಮುಂದಿನ ದರ ಊಹಿಸಲು ರಿಗ್ರೆಷನ್ ಅನ್ನುವ ಅಂಕಿಅಂಶದ ಲೆಕ್ಕ ಓಡಿಸಿದ್ದೆ. ಲೆಕ್ಕ ಹಳೆಯ ದರಕ್ಕೆ ಎಷ್ಟು ಹೊಂದುತ್ತದೆ ಅಂತ ಹೇಳುವ ಆರ್-ಸ್ಕ್ವೇರ್ (1 ಆದರೆ ಪೂರ್ತಿ ಹೊಂದಿದಂತೆ) 0.8 ಮೇಲೆ ಬಂತು, ಕುಣಿದಾಡಿದೆ. ಎರಡೇ ತಿಂಗಳಲ್ಲಿ ಕ್ವಿಂಟಾಲಿಗೆ ಐದಾರು ಸಾವಿರ ತಪ್ಪಿತು. ಅವತ್ತಿಂದ ದರ ಊಹಿಸುವುದು ಬಿಟ್ಟೆ. ಮೂರು ದರಕ್ಕೆ ಮೂರು ಲೆಕ್ಕ ತೋರಿಸುತ್ತೇನೆ, ಕಡಿಮೆ ದರದಲ್ಲೂ ಸಾಲ ತೀರಬೇಕು. ತೀರದಿದ್ದರೆ ಕಡಿಮೆ ಸಾಲ ತಗೊಳ್ಳಿ ಅಂತ ನಾನೇ ಹೇಳುತ್ತೇನೆ.

ಚೇಣಿದಾರರ ಪಾಕೆಟ್ ನೋಟ್‌ಬುಕ್ಕಿನಿಂದ ನಿಜವಾದ ಅಂಕಿ ತೆಗೆಯಲು ಏಳು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಅವನ್ನು ಇಲ್ಲಿ ಬರೆಯಲ್ಲ, ಎರಡು ವರ್ಷ ಅಂಗಳದಲ್ಲಿ ಕೂತು ಕಲಿತಿದ್ದು. ಮ್ಯಾನೇಜರ್ ಮುಂದೆ ಮೊದಲು ಯಾವ ಪುಟ ಇಡುತ್ತೇನೆ ಅನ್ನುವುದೂ ನನ್ನಲ್ಲೇ ಇರಲಿ.

ಈಗ ರಿಪೋರ್ಟಿಗೆ 8ರಿಂದ 10 ಸಾವಿರ, ತಿಂಗಳಿಗೆ ಐದಾರು ಬರುತ್ತವೆ. ಸೀಸನ್ ಮುಂಚೆ ಜಾಸ್ತಿ. ಅಪ್ಪಯ್ಯನ ದುಡ್ಡು ಹೋದ ದೀಪಾವಳಿಗೆ ವಾಪಸ್ ಕೊಟ್ಟೆ. ಸಾಗರದ ಇಬ್ಬರು ಶುಂಠಿ ಬೆಳೆಗಾರರು ಬಂದಿದ್ದಾರೆ. ಅವರದ್ದು ಗದ್ದೆ ಗುತ್ತಿಗೆ, ಬೀಜ, ಗೊಬ್ಬರ ಎಲ್ಲ ಏಪ್ರಿಲ್-ಮೇನಲ್ಲೇ ಸುರಿಯುವ ಬೆಳೆ. ಅಡಿಕೆ ಶೀಟು ಅದಕ್ಕೆ ಹೊಂದುತ್ತಿಲ್ಲ, ಹೊಸದು ಶುರು ಮಾಡಿದ್ದೇನೆ.