ಏಕಾದಶಿ ನೋಡಿಕೊಂಡು ಹೊನ್ನಾವರಕ್ಕೆ

“ಮೀನುಪೇಟೆಯ ಊರಿಗೆ ಹೋಗಲು ಏಕಾದಶಿಯೇ ಬೇಕಿತ್ತೇ?” ಎಂದು ಭಾವ ನಕ್ಕಿದ್ದರು. ಕಳೆದ ಮಾರ್ಚಿನಲ್ಲಿ ಅದೇ ಭಾವ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಿರುಗಾಲುವೆಯಲ್ಲಿ, ದೋಣಿಯಲ್ಲಿ ಕುಳಿತು, ತಲೆ ತಗ್ಗಿಸಿ ಕೊಂಬೆ ತಪ್ಪಿಸಿಕೊಳ್ಳುತ್ತಿದ್ದರು. ಅಷ್ಟಕ್ಕೆ ನನಗೆ ನಾಲ್ಕು ಪ್ರವಾಸ, ಹೆಚ್ಚುಕಡಿಮೆ 14 ಸಾವಿರ ರೂಪಾಯಿ ಹಿಡಿದಿತ್ತು.

ಮೊದಲ ಸಲ ಹೋದದ್ದು ಅಮಾವಾಸ್ಯೆಯಂದು. ರಾತ್ರಿ ರೈಲು ಇಳಿದವನೇ ಬೆಳಗಿನ ಆರೂವರೆಗೆ ದೋಣಿ ಹತ್ತಿದೆ. ಇನ್ನೂರು ಮೀಟರು ಹೋಗುವಷ್ಟರಲ್ಲಿ ದೋಣಿ ಕೆಸರು ಕಚ್ಚಿತು. “ಭರತ ಬರಲಿ, ನೀರು ಏರಲಿ, ತಡೆಯಿರಿ” ಎಂದ ದೋಣಿಯವರು ಬೀಡಿ ಹಚ್ಚಿದರು. ಆಚೆ ಹೆಂಗಸರು ಬುಟ್ಟಿ ತುಂಬ ಬಳಚು (ಚಿಪ್ಪುಮೀನು) ಆರಿಸುತ್ತಿದ್ದರು; ನಾನು 1,200 ರೂಪಾಯಿ ಕೊಟ್ಟು ಸುಮ್ಮನೆ ನೋಡುತ್ತ ಕುಳಿತೆ.

ಎರಡನೆಯದು ಜೂನ್. ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧದ 61 ದಿನ ರಜೆ ಎಂಬುದನ್ನೇ ಮರೆತು, ಬಂದರಿನ ಗದ್ದಲ ತೋರಿಸುತ್ತೇನೆಂದು ಮಕ್ಕಳನ್ನು ಕರೆದೊಯ್ದಿದ್ದೆ. ಬಲೆ ಹೊಲಿಯುವವರ ಹೊರತು ಯಾರೂ ಇರಲಿಲ್ಲ. ಆದರೆ ಪುರುಸೊತ್ತಾಗಿದ್ದ ಅವರಲ್ಲೊಬ್ಬ ಹಿರಿಯರಿಂದಲೇ ತಿಥಿಯ ಲೆಕ್ಕ ಸಿಕ್ಕಿತು. ಹುಣ್ಣಿಮೆ, ಅಮಾವಾಸ್ಯೆಗೆ, ನದಿ ಕಡಲು ಸೇರುವ ಅಳಿವೆಯಲ್ಲಿ ನೀರು ತುಂಬುವುದು ಹನ್ನೊಂದರ ಸುಮಾರಿಗೆ. ಹಿಂದಕ್ಕೆ ದಿನಕ್ಕೆ ಮುಕ್ಕಾಲು ಗಂಟೆಯಂತೆ ಎಣಿಸಿದರೆ ಏಕಾದಶಿಗೆ ಎಂಟು ಗಂಟೆ. ರೈಲು ಇಳಿದು, ಚಹಾ ಕುಡಿದು, ಸಮಾಧಾನವಾಗಿ ಹೋಗಬಹುದು.

ನಂಬಿಕೆ ಬರಲಿಲ್ಲ. ಮೂರನೆಯ ಸಲ ದೋಣಿ ಹತ್ತುವ ಧಕ್ಕೆಯ ಮೆಟ್ಟಿಲಿಗೆ ಸುಣ್ಣದ ಗೆರೆ ಎಳೆದು ಮೂರು ದಿನ ಕಾದೆ. ಕಾಲುವೆಯೊಳಗೆ ಅಳಿವೆಗಿಂತ ಅರ್ಧ ಗಂಟೆ ತಡ. ಗೇರುಸೊಪ್ಪೆಯ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಗೆರೆಯೂ ಇಲ್ಲ, ಲೆಕ್ಕವೂ ಇಲ್ಲ. ಅದೇ ಸಲ ಅಪ್ಸರಕೊಂಡಕ್ಕೂ ಹೋಗಿದ್ದೆ. ಬೇಸಿಗೆಯಾದ್ದರಿಂದ ಜಲಪಾತ ಎಳೆಯಷ್ಟೇ ಇತ್ತು. ಅದಕ್ಕೆ ಮಳೆ ಮುಗಿದ ಮೇಲೆ ಹೋಗಬೇಕು.

ನಾಲ್ಕನೆಯ ಸಲ ಆರು ಜನ, ದೋಣಿಗೆ 1,800. ಎಲ್ಲೂ ತಳ ತಾಗಲಿಲ್ಲ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಹುಡುಗಿಯರ 13, ಹುಡುಗರ 23 ಶಾಲೆಗಳನ್ನು ಕಂಡೆ ಎಂದು ಬರೆದಿದ್ದಾನೆ; ನಿವೃತ್ತ ಮೇಷ್ಟ್ರಾದ ಭಾವ ದಾರಿಯುದ್ದಕ್ಕೂ ಅವು ಎಲ್ಲಿದ್ದಿರಬಹುದು ಎಂದು ದಡ ಹುಡುಕಿದರು. ಮಧ್ಯಾಹ್ನ ಎರಡು ಗಂಟೆಯ ಇಳಿತಕ್ಕೆ ಕಾಸರಕೋಡಿನ ಕಾಂಡ್ಲಾ ನಡಿಗೆದಾರಿ ಹತ್ತಿದೆವು. ಕೆಳಗಿನ ಕೆಸರಿನ ತುಂಬ ಏಡಿಗಳು. ಅದಕ್ಕೂ ಮುಂಚೆ ಊಟದಲ್ಲಿ ಭಾವ ತಿಥಿ ಮರೆತು ಎರಡು ಹುರಿದ ಬಂಗಡೆ ಮುಗಿಸಿದ್ದರು.

ಯಾವ ಧಕ್ಕೆಯಿಂದ ಹತ್ತಿದೆವು ಎಂದು ಮಾತ್ರ ಕೇಳಬೇಡಿ. ಅಲ್ಲಿರುವುದು ಎರಡೇ ದೋಣಿ.