ಅರಿಶಿನದ ಕರ್ಕ್ಯುಮಿನ್ ಮೈಗೆ ಹತ್ತಬೇಕಾದರೆ

ಬಿಸಿ ಹಾಲಿಗೆ ಅರಿಶಿನ ಉದುರಿಸಿ ಕಲಕಿ ಕುಡಿದ ಮೇಲೆ ಲೋಟದ ತಳ ನೋಡಿ. ಅಲ್ಲಿ ಹಳದಿ ಗಸಿ ನಿಂತಿರುತ್ತದೆ. ಬೇಕಾದ, ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್‌ನಲ್ಲಿ ಸಾಕಷ್ಟು ಆ ಗಸಿಯಲ್ಲೇ ಉಳಿದುಹೋಯಿತು. ಅದು ನೀರಿಗೆ ಕರಗದು, ಜಿಡ್ಡಿಗೆ ಕರಗುತ್ತದೆ.

ಹಾಗಾಗಿ ತುಪ್ಪದಿಂದ ಶುರುಮಾಡಿ. ಸಣ್ಣ ಉರಿಯಲ್ಲಿ ಒಂದು ಚಮಚ ತುಪ್ಪ ಕರಗಿಸಿ, ಅರ್ಧ ಚಮಚ (ಸುಮಾರು 1.5 ಗ್ರಾಂ) ಅರಿಶಿನ ಹಾಕಿ ಅರ್ಧ ನಿಮಿಷ ಕೈಯಾಡಿಸಿ. ತುಪ್ಪಕ್ಕೆ ಬಣ್ಣ ಇಳಿದು ಹಸಿ ವಾಸನೆ ಹೋದರೆ ಸಾಕು. ಪುಡಿ ಕಂದು ತಿರುಗಿತೋ, ಸೀದಿದೆ; ಚೆಲ್ಲಿ ಮತ್ತೆ ಮಾಡಿ, ಕಹಿ ಹಾಲಿನಿಂದ ಹೋಗುವುದಿಲ್ಲ. ಆಗಷ್ಟೇ ಕುಟ್ಟಿದ ಏಳೆಂಟು ಕಾಳುಮೆಣಸು, 200 ಮಿ.ಲೀ. ಹಾಲು ಸೇರಿಸಿ ಎರಡು ನಿಮಿಷ ಕುದಿಸಿ.

ಮೆಣಸು ಖಾರಕ್ಕಲ್ಲ. ಕರುಳು, ಲಿವರ್ ಎರಡೂ ಕರ್ಕ್ಯುಮಿನ್‌ನ ರೂಪ ಬದಲಿಸಿ ಬೇಗ ಹೊರಗಟ್ಟುತ್ತವೆ. ಮೆಣಸಿನ ಪೈಪರಿನ್ ಆ ಕೆಲಸವನ್ನು ನಿಧಾನ ಮಾಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು. ಆದರೆ ಲೆಕ್ಕ ಮರೆಯಬೇಡಿ. ಅದು ಶುದ್ಧ ಕರ್ಕ್ಯುಮಿನ್. ಅಡುಗೆ ಅರಿಶಿನದಲ್ಲಿ ಅದು ಇರುವುದು ನೂರಕ್ಕೆ 2ರಿಂದ 5 ಪಾಲು; ಅಂದರೆ ಅರ್ಧ ಚಮಚಕ್ಕೆ 30ರಿಂದ 75 ಮಿ.ಗ್ರಾಂ. ಉರಿಯೂತದ ಗುಂಡಿ ಒತ್ತುವ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ಕರ್ಕ್ಯುಮಿನ್ ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಮಂಡಿ ಸವೆತದ ನೋವಿಗೆ ಅಷ್ಟಿಷ್ಟು ಆರಾಮ ಸಿಕ್ಕಿದ್ದು ಸಾಂದ್ರ ಕ್ಯಾಪ್ಸೂಲ್‌ಗಳಿಂದ, ಲೋಟದ ಹಾಲಿನಿಂದಲ್ಲ.

ಅಡುಗೆ ಸೋಡಾ ಹತ್ತಿರವೂ ಬೇಡ. ಸುಣ್ಣ ತಾಗಿದ ಅರಿಶಿನ ಆರತಿ ತಟ್ಟೆಯಲ್ಲಿ ಕೆಂಪಾಗುತ್ತದಲ್ಲ, ಕ್ಷಾರಕ್ಕೆ ಸಿಕ್ಕ ಕರ್ಕ್ಯುಮಿನ್ ಮಾಡುವುದು ಅದನ್ನೇ. ಹಾಗೇ ಬಿಟ್ಟರೆ ಬೇಗ ಒಡೆದುಹೋಗುತ್ತದೆ. ಬಿಸಿಲೂ ಅದಕ್ಕಾಗದು. ಬನಿಯನ್ನಿನ ಅರಿಶಿನ ಕಲೆ ಬಿಸಿಲಿಗೆ ಹಾರುವಂತೆಯೇ ಕಿಟಕಿ ಪಕ್ಕದ ಗಾಜಿನ ಬಾಟಲಿಯ ಪುಡಿಯೂ ಮಂಕಾಗುತ್ತದೆ. ಸ್ಟೀಲ್ ಡಬ್ಬಿಯೇ ಸರಿ.

ಪಿತ್ತಕೋಶದ ಕಲ್ಲು ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಮುಟ್ಟಬಾರದು. ಮೆಣಸಿನ ಸಾರ ಬೆರೆಸಿದ ಕ್ಯಾಪ್ಸೂಲ್ ತಿಂದು ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳಿವೆ. ಮೈಯಿಂದ ಬೇಗ ಹೊರಹೋಗದಂತೆ ಪೈಪರಿನ್ ತಡೆಯುವುದು ಕರ್ಕ್ಯುಮಿನ್ ಒಂದನ್ನೇ ಅಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ.